ತಲುಪಿದ್ದಕ್ಕೆ

ವಿರಾಜಪೇಟೆ ವೈದ್ಯರ ಸಂಘಕ್ಕೆ ಮೂರನೇ ವರ್ಷದ ಖಜಾಂಚಿ ನಾನು.
ಕಿವಿ ಮೂಗು ಗಂಟಲಿನವನು. ಆರಿಸುವಾಗಲೇ ನಕ್ಕಿದ್ದರು:
ಕೇಳುವುದು ಇವನ ಕಸುಬು.

ಕೇಳುವುದೆಂದರೆ ನಮ್ಮ ಮಾತಿನಲ್ಲಿ ಎರಡು,
ಕಿವಿ ಕೊಡುವುದು, ಕೈ ಚಾಚುವುದು.
ಎರಡನೆಯದಕ್ಕೆ ಕಾಲೇಜಿನಲ್ಲಿ ಪಾಠವಿರಲಿಲ್ಲ.

ಊರ ಹೆಸರಲ್ಲೇ ‘ಕೊಡು’ ಇದೆಯಲ್ಲ, ಹೋಗಿ ಬನ್ನಿ
ಎಂಬುದು ಅಧ್ಯಕ್ಷರ ಹಳೇ ಜೋಕು.
ಹೋದೆ. ಜುಲೈ. ಜಗಲಿಯಲ್ಲಿ ಕೊಡೆ ಮಡಚುತ್ತಿದ್ದರೆ
ಒಳಗಿನಿಂದ ಊರು ಹೇಳುತ್ತಿತ್ತು, ಈ ಸಲ ಕೊಡೆ.

ಮೆಣಸಿನ ವ್ಯಾಪಾರಿ ಉಮ್ಮರ್ ಹಾಜಿ
ದರ ಏರಿದ ವರ್ಷ ಐದು ಸಾವಿರ, ಇಳಿದ ವರ್ಷ ಬರೀ ಚಹಾ.
ಔಷಧಿ ಕಂಪನಿಯ ಹುಡುಗ, ಟೈ ಸರಿಮಾಡಿಕೊಳ್ಳುತ್ತಾ,
‘ಇಡೀ ಸಭಾಂಗಣಕ್ಕೆ ಬಣ್ಣ ಹೊಡೆಸುತ್ತೇವೆ ಸಾರ್,
ಗೋಡೆಗೆ ನಮ್ಮ ಮಾತ್ರೆಯ ಹೆಸರು.’
ಗೋಡೆಗೆ ಏನಪ್ಪಾ ಕಾಯಿಲೆ, ಎಂದೆ.

ಮಾರ್ಚಿನಲ್ಲಿ ನಲವತ್ತೆರಡು ಧನ್ಯವಾದ ಪತ್ರ.
ಒಂದೇ ಅಚ್ಚು; ‘ಮಾನ್ಯ ಶ್ರೀ’ಯ ಮುಂದೆ ಹೆಸರು ಮಾತ್ರ ಬೇರೆ.
ಅಮ್ಮತ್ತಿಯ ಶ್ರೀ ಬೆಳ್ಯಪ್ಪನವರಿಗೂ ಹೋಯಿತು,
‘ತಮ್ಮ ಆಯುರಾರೋಗ್ಯವನ್ನು ಹಾರೈಸುತ್ತಾ.’

ಬೆಳ್ಯಪ್ಪನವರು ಅಕ್ಟೋಬರಿನಲ್ಲೇ ತೀರಿಕೊಂಡಿದ್ದರು.
ಮೈಸೂರಿಗೆ ಒಯ್ಯುವಾಗ, ತಿತಿಮತಿ ದಾಟಿ,
ಆನೆಚೌಕೂರು ಗೇಟಿನ ಹತ್ತಿರ, ಆಂಬುಲೆನ್ಸಿನಲ್ಲೇ.

ಹೂಮಳೆಗೆ ಆಕಾಶ ನೋಡುವ ದಿನಗಳು.
ನೀಲಕ್ಕಿ ತೋಟದಿಂದ ನೇರ ಬಂದರು, ಗಂಬೂಟು ಕಳಚದೆ.
ಪತ್ರವನ್ನು ಮೇಜಿನ ಮೇಲಿಟ್ಟರು.
‘ಇದಕ್ಕೆ ಉತ್ತರ ಬರೆಯುವವರು ಇಲ್ಲ. ಅದಕ್ಕೆ ನಾನೇ ಬಂದೆ.’

ಕ್ಷಮೆ ಕೇಳಿದೆ.
(ಮೂರನೆಯ ಕೇಳುವುದೂ ಒಂದಿದೆ, ಮರೆತಿದ್ದೆ.)

ಸಕ್ಕರೆ ಡಬ್ಬಿಯೊಂದನ್ನು ತೆರೆದರು. ಇರುವೆ ನುಸುಳದ ಮುಚ್ಚಳ.
ಒಳಗೆ ಹನ್ನೊಂದು ವರ್ಷದ ಹನ್ನೊಂದು ರಸೀದಿ.
‘ದುಡ್ಡು ನಿಮಗೆ ತಲುಪಿದ್ದು ಗೊತ್ತು.
ನಿಮ್ಮಿಂದ ಎಲ್ಲಿಗೆ ತಲುಪಿತು?’

ಲೆಕ್ಕದ ಪುಸ್ತಕ ಬಿಚ್ಚಿದೆ. ಸುಳ್ಳು ಹೇಳಲು ಜಾಗವಿರಲಿಲ್ಲ.
ವಾರ್ಷಿಕ ಸಮ್ಮೇಳನ. ಶಾಲು, ಗಂಧದ ಹಾರ,
ಕಡಂಬುಟ್ಟು, ಪಂದಿಕರಿ, ಮೈಕು.
ಕುರ್ಚಿ ಅರವತ್ತು.

ಒಂದರಲ್ಲಿ ಕೂತು ನೋಡಿದರು. ಕಾಲು ಅಲ್ಲಾಡಿತು.

ಕಲ್ಲಿನಲ್ಲಿ ಅವರ ಹೆಸರು ಕೆತ್ತಿಸುತ್ತೇವೆ, ಎಂದೆ,
ಖಜಾಂಚಿಯ ನಾಲಿಗೆ ತಾನಾಗಿ ಹೊರಳಿ.

‘ಕಲ್ಲು ಬೇಡ. ಆವತ್ತು ಗಾಡಿಯಲ್ಲೊಬ್ಬ ಹುಡುಗ ಇದ್ದ, ರಜೀಶ.
ಎದೆ ಒತ್ತಬೇಕು ಅಂತ ಅವನಿಗೆ ಗೊತ್ತಿತ್ತು,
ಹೇಗೆ ಅಂತ ಗೊತ್ತಿರಲಿಲ್ಲ.
ಇವರ ಕೈ ಹಿಡಿದುಕೊಂಡು ಅಳುತ್ತಿದ್ದ.
ಅವನಿಗೆ ಕಲಿಸಿ.’

ಚೆಕ್ಕು ಕೊಟ್ಟರಾ?
ಅಧ್ಯಕ್ಷರು ಫೋನಿನಲ್ಲಿ ಮೊದಲು ಕೇಳಿದ್ದು ಅದನ್ನೇ.

ಜೂನಿನಲ್ಲಿ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿದೆವು.
ನೆಲದಲ್ಲಿ ಮೂರು ರಬ್ಬರ್ ಗೊಂಬೆ,
ಸುತ್ತ ಮಂಡಿಯೂರಿದ ಹದಿನೇಳು ಜನ, ಚಾಲಕರು, ನರ್ಸುಗಳು.
ಮೂವತ್ತು ಸಲ ಒತ್ತು, ಎರಡು ಸಲ ಉಸಿರು ಊದು,
ಮತ್ತೆ ಮೂವತ್ತು.
ಊಟಕ್ಕೆ ಕರೆದರೂ ಒಬ್ಬ ಏಳಲಿಲ್ಲ.
ಗೊಂಬೆ ಕ್ಲಿಕ್ ಅನ್ನುವವರೆಗೆ ಒತ್ತಿದ,
ಕ್ಲಿಕ್ ಅಂದ ಮೇಲೂ ಒತ್ತಿದ.

ಅಂದು ರಾತ್ರಿ ಕೈಯಲ್ಲೇ ಪತ್ರ ಬರೆದೆ,
ಮೆಡಿಕಲ್ ಅಂಗಡಿಯವನಿಗೆ ಮಾತ್ರ ಓದಲು ಬರುವ ಅಕ್ಷರ.
‘ಮಾನ್ಯರೇ’ ಬರೆದು ಹೊಡೆದುಹಾಕಿದೆ.
ರಜೀಶ ಕಲಿತ.
ಅದರಾಚೆ ಏನೂ ತೋಚಲಿಲ್ಲ. ಅಂಚೆಗೆ ಹಾಕಿದೆ.

ಹತ್ತು ದಿನಕ್ಕೆ ಅಮ್ಮತ್ತಿಯಿಂದ ಲಕೋಟೆ.
ಬೆರಳು ಹೊರಗಿನಿಂದಲೇ ಚೆಕ್ಕಿನ ಆಕಾರ ತಡಕಿತು, ಮುಚ್ಚಿಡುವುದೇಕೆ.
ಕಾಫಿ ತೂಕದ ಚೀಟಿ. ಅದರ ಬೆನ್ನ ಮೇಲೆ:
‘ಸುದ್ದಿ, ಒಂದು. ತಲುಪಿತು.’
ಕೆಳಗೆ ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪು,
ಅದರ ಮೇಲೆ ಅಡ್ಡಡ್ಡ ಸಹಿ.

ಇದನ್ನು ಜಮೆಗೆ ಬರೆಯಬೇಕೋ, ಖರ್ಚಿಗೋ,
ಆಡಿಟರನ್ನು ಕೇಳಬೇಕು.